ಕುಡಿಯುವ ನೀರಿಗಾಗಿ ಉಳಿದ ದಂಡೆ

ಅಮೆರಿಕದ ಫಿಲಡೆಲ್ಫಿಯಾ ನಗರದ ನಡುವೆ ಹರಿಯುವ ಸ್ಕೂಕಿಲ್ ನದಿಗೆ ಸೈಕಲ್‌ನಲ್ಲಿ ಒಂದು ಸುತ್ತು ಹಾಕಲು 13 ಕಿ.ಮೀ.ಗಿಂತ ತುಸು ಹೆಚ್ಚು ತುಳಿದರೆ ಸಾಕು. ಕಲಾ ವಸ್ತುಸಂಗ್ರಹಾಲಯದ ಹಿಂಭಾಗದಲ್ಲಿ ಹೊರಟು, ಪೂರ್ವ ದಂಡೆಯ ಕೆಲ್ಲಿ ಡ್ರೈವ್ ಹಿಡಿದು ಮೇಲಕ್ಕೆ ಹೋಗಬೇಕು. ಫಾಲ್ಸ್ ಸೇತುವೆಯ ಮೇಲೆ ನದಿ ದಾಟಿ, ಪಶ್ಚಿಮ ದಂಡೆಯ ಮಾರ್ಟಿನ್ ಲೂಥರ್ ಕಿಂಗ್ ಡ್ರೈವ್‌ನಲ್ಲಿ ಇಳಿದುಬಂದರೆ ಹೊರಟ ಜಾಗವೇ ಸಿಗುತ್ತದೆ. ದಾರಿಯುದ್ದಕ್ಕೂ ಏರು ಎನ್ನುವಂಥದ್ದಿಲ್ಲ. ಮಕ್ಕಳ ಮನೆಗೆಂದು ಬಂದು, ಸೈಕಲ್ ಮುಟ್ಟಿ ವರ್ಷಗಳೇ ಕಳೆದ ಅಪ್ಪ-ಅಮ್ಮಂದಿರೂ ಧೈರ್ಯವಾಗಿ ಹತ್ತಬಹುದು.

ದೊಡ್ಡ ನಗರದ ಹೊಟ್ಟೆಯೊಳಗೆ ಎರಡೂ ದಂಡೆ ಹೀಗೆ ಹಸಿರಾಗಿ ಉಳಿದದ್ದು ಹೇಗೆ? ಉತ್ತರ ಹೊರಟ ಜಾಗದಲ್ಲೇ ಇದೆ. ನದಿಯ ಅಂಚಿಗೆ ಗ್ರೀಕ್ ಗುಡಿಗಳ ಹಾಗೆ ಕಂಬ ಹೊತ್ತು ನಿಂತಿರುವ ಬಿಳಿ ಕಟ್ಟಡಗಳು ನಿಜಕ್ಕೂ ನೀರೆತ್ತುವ ಪಂಪ್‌ಮನೆ, ಫೇರ್‌ಮೌಂಟ್ ವಾಟರ್ ವರ್ಕ್ಸ್. 1793ರ ಹಳದಿ ಜ್ವರ ಈ ಊರಿನಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಅದನ್ನು ಹರಡುವುದು ಸೊಳ್ಳೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ಕೊಳಕೇ ಕಾರಣವೆಂದು ನಂಬಿದ ಜನ ಶುದ್ಧ ನೀರಿಗೆ ಪಟ್ಟು ಹಿಡಿದರು. ಫ್ರೆಡರಿಕ್ ಗ್ರಾಫ್ ಎಂಬ ಎಂಜಿನಿಯರ್ ರೂಪಿಸಿದ ಈ ಸ್ಥಾವರ 1815ರಲ್ಲಿ ಕೆಲಸ ಶುರುಮಾಡಿತು. ಮೊದಲು ಹಬೆ ಎಂಜಿನ್‌ಗಳಿದ್ದವು. ಅವು ಇಂಧನವನ್ನು ಸುರಿದಷ್ಟೂ ನುಂಗುತ್ತಿದ್ದವು, ಬಾಯ್ಲರ್ ಸಿಡಿದು ಜೀವವನ್ನೂ ತೆಗೆದವು. ಆಗ ನದಿಗೆ ಅಡ್ಡಲಾಗಿ ಕಟ್ಟೆ ಕಟ್ಟಿ, ತಡೆದ ನೀರನ್ನು ದೊಡ್ಡ ಚಕ್ರಗಳ ಮೇಲೆ ಬಿಟ್ಟರು. 1822ರಿಂದ ಚಕ್ರ ತಿರುಗಿ ಪಂಪ್ ನಡೆಯಿತು, ಪಂಪ್ ಪಕ್ಕದ ಗುಡ್ಡದ ಮೇಲಿನ ಕೊಳಗಳಿಗೆ ನೀರೆತ್ತಿತು, ಅಲ್ಲಿಂದ ನೀರು ತಾನಾಗಿ ಊರಿಗೆ ಇಳಿಯಿತು. ನದಿಯ ನೀರನ್ನು ನದಿಯ ಬಲದಿಂದಲೇ ಎತ್ತುವ ಈ ಏರ್ಪಾಡನ್ನು ನೋಡಲು ದೂರದೂರದಿಂದ ಜನ ಬರುತ್ತಿದ್ದರು. 1842ರಲ್ಲಿ ಚಾರ್ಲ್ಸ್ ಡಿಕನ್ಸ್ ಕೂಡ ಬಂದು ಮೆಚ್ಚಿಹೋದರು. ಕೊಳಗಳಿದ್ದ ಗುಡ್ಡದ ಮೇಲೆ ಈಗ ನಿಂತಿರುವುದು ಆ ಕಲಾ ವಸ್ತುಸಂಗ್ರಹಾಲಯ.

ಅದೇ ಕಟ್ಟೆ ಇನ್ನೊಂದು ಉಪಕಾರವನ್ನೂ ಮಾಡಿತು. ಕಟ್ಟೆಯ ಮೇಲ್ಭಾಗದಲ್ಲಿ ನದಿಯ ಓಟ ನಿಂತು ನೀರು ಕೆರೆಯಂತೆ ಸಮವಾಯಿತು. ಹುಟ್ಟುದೋಣಿಯ ಪಂದ್ಯಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಯಾವುದಿದೆ? ಕೆಲ್ಲಿ ಡ್ರೈವ್‌ಗೆ ಸೈಕಲ್ ತಿರುಗಿಸಿದ ಕೂಡಲೇ ಎಡಕ್ಕೆ ಬೋಟ್‌ಹೌಸ್ ರೋ, ದೋಣಿ ಕ್ಲಬ್‌ಗಳ ಹಳೆಯ ಮನೆಗಳ ಸಾಲು. ಈ ಕ್ಲಬ್‌ಗಳ ಒಕ್ಕೂಟ ಹುಟ್ಟಿದ್ದು 1858ರಲ್ಲಿ. ಬೆಳಿಗ್ಗೆ ಬೇಗ ಹೋದವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಎಂಟು ಜನರ ಸಪೂರ ದೋಣಿ ಹಾದುಹೋಗುವಾಗ ಹುಟ್ಟುಗಳೆಲ್ಲ ಒಟ್ಟಿಗೇ ನೀರಿಗಿಳಿದು ಒಟ್ಟಿಗೇ ಮೇಲೇಳುತ್ತವೆ. ಅವು ಬಿಟ್ಟ ಸುಳಿಗಳು ಎರಡೂ ಬದಿಯಲ್ಲಿ ಸಾಲುಸಾಲಾಗಿ ಹಿಂದುಳಿದು, ದೋಣಿ ದೂರ ಸಾಗಿದ ಮೇಲೂ ಒಂದಷ್ಟು ಹೊತ್ತು ತಿರುಗುತ್ತಿರುತ್ತವೆ. ಹಿಂದೆಯೇ ಮೋಟಾರ್ ದೋಣಿಯಲ್ಲಿ ತರಬೇತುದಾರರ ಕೂಗು.

ಇನ್ನಷ್ಟು ಮುಂದೆ, ಪಂದ್ಯ ಮುಗಿಯುವ ಜಾಗದ ಹತ್ತಿರ, ಹುಟ್ಟು ಎಳೆಯುವ ಭಂಗಿಯಲ್ಲಿ ಜಾನ್ ಬಿ. ಕೆಲ್ಲಿಯವರ ಕಂಚಿನ ಪ್ರತಿಮೆ. ನಟಿ ಗ್ರೇಸ್ ಕೆಲ್ಲಿಯ ತಂದೆ ಇವರು. ಇಟ್ಟಿಗೆ ಕಟ್ಟುವ ಕೆಲಸದಿಂದ ಮೇಲೆ ಬಂದವರು. 1920ರಲ್ಲಿ ಇಂಗ್ಲೆಂಡಿನ ಹೆನ್ಲಿ ಪಂದ್ಯಕ್ಕೆ ಇವರನ್ನು ಸೇರಿಸಲಿಲ್ಲ. ಅದೇ ವರ್ಷ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ ಗೆದ್ದರು. ಅಪ್ಪನಿಗೆ ಬಾಗಿಲು ಮುಚ್ಚಿದ ಹೆನ್ಲಿಯಲ್ಲಿ ಮಗ 1947ರಲ್ಲಿ ಗೆದ್ದುಬಂದರು. ರಸ್ತೆಗಿರುವುದು ಆ ಮಗನ ಹೆಸರು.

ಉದ್ಯಾನದ ಕಥೆಗೆ ಬರೋಣ. ನೀರೆತ್ತುವ ಜಾಗಕ್ಕಿಂತ ಮೇಲಿನ ದಂಡೆಯಲ್ಲಿ ಕಾರ್ಖಾನೆಗಳೆದ್ದರೆ ಗತಿಯೇನು ಎಂಬ ಚಿಂತೆಯಿಂದ ನಗರ 1844ರಲ್ಲಿ ಲೆಮನ್ ಹಿಲ್ ಎಂಬ ಎಸ್ಟೇಟನ್ನು ಕೊಂಡಿತು. 1855ರಲ್ಲಿ ಅದು ಸಾರ್ವಜನಿಕ ಉದ್ಯಾನವಾಯಿತು. 1867ರಲ್ಲಿ ಫೇರ್‌ಮೌಂಟ್ ಪಾರ್ಕ್ ಆಯೋಗ ಬಂದು ಎರಡೂ ದಂಡೆಯ ಜಮೀನುಗಳನ್ನು ಸೇರಿಸುತ್ತ ಹೋಯಿತು. ಇಷ್ಟೆಲ್ಲ ಮಾಡಿದರೂ ನೀರು ಕೆಡದೆ ಉಳಿಯಲಿಲ್ಲ ಎಂಬುದನ್ನೂ ಹೇಳಬೇಕು. ನಗರದ ಗಡಿಯಾಚೆಯ ಗಿರಣಿಗಳು, ಗಣಿಗಳು, ಊರುಗಳ ಕೊಳೆ ನದಿಗೇ ಬರುತ್ತಿತ್ತು. ವಿಷಮಶೀತ ಜ್ವರ ಮನೆಮನೆ ಹೊಕ್ಕಿತು. ಹಳೆಯ ಸ್ಥಾವರ 1909ರಲ್ಲಿ ನಿಂತಿತು. ಮರಳಿನಲ್ಲಿ ನೀರು ಸೋಸುವ ಹೊಸ ಘಟಕಗಳು ಬಂದ ಮೇಲೆಯೇ ಜ್ವರ ಇಳಿದದ್ದು.

ಬೆಂಗಳೂರಿನವರಿಗೆ ಈ ಸಂಕಟ ಗೊತ್ತು. 1933ರಲ್ಲಿ ಕಟ್ಟಿದ ತಿಪ್ಪಗೊಂಡನಹಳ್ಳಿ ಜಲಾಶಯ ದಶಕಗಳ ಕಾಲ ಊರಿಗೆ ನೀರು ಕೊಟ್ಟಿತು. ಅರ್ಕಾವತಿಯ ಸುತ್ತ ಬಡಾವಣೆ, ಕಾರ್ಖಾನೆಗಳು ಬೆಳೆದಂತೆ ಒಳಹರಿವು ಸೊರಗಿತು, ಬಂದಷ್ಟೂ ಕೊಳಕಾಯಿತು. ಈಗ ಕಾವೇರಿಯನ್ನು ಸುಮಾರು ನೂರು ಕಿ.ಮೀ. ದೂರದಿಂದ ಎತ್ತಿ ತರುತ್ತಿದ್ದೇವೆ. ಅರ್ಕಾವತಿಯ ಎರಡು ದಂಡೆಯನ್ನಾದರೂ ಸಮಯಕ್ಕೆ ಸರಿಯಾಗಿ ಕೊಂಡು ಮರ ಬೆಳೆಸಿದ್ದರೆ ಎಂಬ ಹಳಹಳಿ ಇಲ್ಲಿ ಪೆಡಲ್ ತುಳಿಯುವಾಗ ನನ್ನನ್ನು ಬಿಡುವುದಿಲ್ಲ. ಸ್ಕೂಕಿಲ್ ಇವತ್ತಿಗೂ ಫಿಲಡೆಲ್ಫಿಯಾದ ಕುಡಿಯುವ ನೀರಿನ ಮೂಲಗಳಲ್ಲೊಂದು. ನೀರೆತ್ತುವ ಪಂಪ್‌ಮನೆಗಳು ಎರಡೂ ದಂಡೆಯಲ್ಲಿ, ನಮ್ಮ ಹಾದಿಯ ಬದಿಯಲ್ಲೇ ಸಿಗುತ್ತವೆ.

ಮತ್ತೆ ಸವಾರಿಗೆ ಬಂದರೆ, ಕೆಲ್ಲಿ ಡ್ರೈವ್‌ನ ಮೇಲಿನ ಅರ್ಧದಲ್ಲಿ ಬಲಕ್ಕೆ ಬಂಡೆಯ ದಿಣ್ಣೆ, ಅದರ ನೆತ್ತಿಯಲ್ಲಿ 1836ರ ಲಾರೆಲ್ ಹಿಲ್ ಸ್ಮಶಾನ. ಫಾಲ್ಸ್ ಸೇತುವೆ 1895ರ ಉಕ್ಕಿನ ಸೇತುವೆ. ದಾಟಿದ ಮೇಲೆ ಸವಾರಿಯ ಸ್ವಭಾವವೇ ಬದಲಾಗುತ್ತದೆ. ಕೆಲ್ಲಿ ಡ್ರೈವ್‌ನಲ್ಲಿ ಓಡುವವರು, ನಡೆಯುವವರು, ಮಗುವಿನ ಗಾಡಿ ತಳ್ಳುವವರು ಎಲ್ಲರಿಗೂ ಒಂದೇ ಹಾದಿ. ಬಲಕ್ಕೇ ಇದ್ದು, ಬೆಲ್ ಮಾಡಿ ಎಡದಿಂದ ಮುಂದೆ ಹೋಗಬೇಕು. ಪಶ್ಚಿಮ ದಂಡೆಯ ರಸ್ತೆಯಲ್ಲಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ವಾರಾಂತ್ಯದ ಹಗಲು ಕಾರುಗಳನ್ನು ಬಿಡುವುದಿಲ್ಲ. 2020ರಲ್ಲಿ ಕೊರೊನಾ ಬಂದಾಗ ವಾರವಿಡೀ ಮುಚ್ಚಿದ್ದರು. ಮರುವರ್ಷ ಕಾರುಗಳು ಮರಳಿದಾಗ ಸೈಕಲ್ ಸವಾರರಿಗೆ ನೋವಾಯಿತು. ಆ ನೋವು ನ್ಯಾಯವಾದದ್ದು. ಅಗಲ ರಸ್ತೆಯಲ್ಲಿ ಚಿಕ್ಕ ಮಕ್ಕಳು ಮೊದಲ ಸಲ ತಾವೇ ತುಳಿಯುವುದನ್ನು ನೋಡಿದವರು ಬೇರೆ ಮಾತಾಡಲಾರರು.

ಕೊನೆಯಲ್ಲಿ ಮತ್ತೆ ಕಟ್ಟೆ. ಸಮುದ್ರದಿಂದ ಮೊಟ್ಟೆಯಿಡಲು ಬರುತ್ತಿದ್ದ ಶ್ಯಾಡ್ ಮೀನುಗಳ ದಾರಿಯನ್ನು ಇದು ಒಂದೂವರೆ ಶತಮಾನ ತಡೆದಿತ್ತು. 1970ರ ದಶಕದ ಕೊನೆಯಲ್ಲಿ ಪಶ್ಚಿಮ ದಂಡೆಗೆ ಮೀನು ಹತ್ತುವ ಮೆಟ್ಟಿಲುಗಾಲುವೆ ಕಟ್ಟಿದರು.

ಹೋಗುವವರು ಏಪ್ರಿಲ್, ಮೇ ತಿಂಗಳು ಆರಿಸಿಕೊಳ್ಳಿ: ಚೆರಿ ಹೂವು ಮೊದಲು, ಕಾಲೇಜುಗಳ ದೋಣಿ ಪಂದ್ಯ ಆಮೇಲೆ, ಮೀನು ಏರುವ ಕಾಲವೂ ಅದೇ. ಸ್ವಂತ ಸೈಕಲ್ ಇಲ್ಲದಿದ್ದರೆ ನಗರದ ಇಂಡೆಗೊ ಬಾಡಿಗೆ ಸೈಕಲ್‌ಗಳಿವೆ. ಜೋರು ಮಳೆಯ ಮರುದಿನ ಬೇಡ. 2021ರ ಸೆಪ್ಟೆಂಬರ್‌ನಲ್ಲಿ ಐಡಾ ಚಂಡಮಾರುತದ ಮಳೆಗೆ ಎರಡೂ ರಸ್ತೆ ಮುಳುಗಿದ್ದವು. ಸೈಕಲ್ ಒಪ್ಪಿಸಿದ ಮೇಲೆ ಪಂಪ್‌ಮನೆಯೊಳಗಿನ ಪ್ರದರ್ಶನಕ್ಕೆ ಒಂದು ಗಂಟೆ ಇಟ್ಟುಕೊಳ್ಳಿ.