ಓರೆಗೆರೆಯ ಕೆಳಗಿನ ಸ್ವರ: ಸ್ಲ್ಯಾಶ್ ಕಾರ್ಡ್‌ಗಳನ್ನು ಅರಿತು ನುಡಿಸುವ ಬಗೆ

ಮುಂಬಯಿಯಂತಹ ಮಹಾನಗರದಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಒಂದು ಕಾಲಕ್ಕೆ ಹಾರ್ಮೋನಿಯಂ ಇದ್ದ ಸ್ಥಳದಲ್ಲಿ ಇಂದು ಕೀಬೋರ್ಡ್ ಕುಳಿತಿದೆ. ಮೂಲೆಯಲ್ಲಿ ಗಿಟಾರ್ ಒರಗಿದೆ. ಮಕ್ಕಳು ಟ್ರಿನಿಟಿ ಕಾಲೇಜಿನ ಪರೀಕ್ಷೆಗಳಿಗೆ ಕುಳಿತುಕೊಳ್ಳುತ್ತಾರೆ. ಅವೇ ಮಕ್ಕಳು ರಾಜ್ಯೋತ್ಸವದ ವೇದಿಕೆಯಲ್ಲಿ ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಮೊದಲಾದವರು ರಾಗ ಸಂಯೋಜಿಸಿದ ಭಾವಗೀತೆಗಳಿಗೆ ವಾದ್ಯ ಸಹಕಾರ ನೀಡುವಾಗ, ಸಭೆಯ ಹಿರಿಯರಿಂದ ಒಂದು ಆಕ್ಷೇಪ ತಪ್ಪದೆ ಕೇಳಿಬರುತ್ತದೆ: ಕಾರ್ಡ್ ಹಾಕಿ ರಾಗವನ್ನು ಕೆಡಿಸುತ್ತಾರೆ ಎಂದು. ಈ ಆಕ್ಷೇಪದಲ್ಲಿ ಹುರುಳಿದೆ. ಆದರೆ ಅದಕ್ಕೆ ಪರಿಹಾರದ ಒಂದು ಭಾಗ ಆ ಮಕ್ಕಳ ಪುಸ್ತಕದಲ್ಲಿಯೇ, ಎರಡು ಅಕ್ಷರಗಳ ನಡುವಿನ ಓರೆಗೆರೆಯ ರೂಪದಲ್ಲಿದೆ ಎಂಬುದು ನಮ್ಮ ಅಭಿಪ್ರಾಯ. ಅದನ್ನೇ ಇಲ್ಲಿ ವಿವರಿಸಲು ಯತ್ನಿಸಿದ್ದೇವೆ.

ಕಾರ್ಡ್ ಎಂದರೆ ಒಟ್ಟಿಗೆ ನುಡಿಯುವ, ಸಾಮಾನ್ಯವಾಗಿ ಮೂರು ಸ್ವರಗಳ ಗುಚ್ಛ. ಬಿಳಿ ಒಂದನ್ನು, ಅಂದರೆ ಪಾಶ್ಚಾತ್ಯರ ಸಿ ಸ್ವರವನ್ನು, ನಮ್ಮ ಷಡ್ಜವೆಂದು ಇಟ್ಟುಕೊಳ್ಳೋಣ. ಆಗ ಸಿ ಕಾರ್ಡ್ ಎಂದರೆ ಸ, ಗ, ಪ. ಎಫ್ ಎಂದರೆ ಮ, ಧ, ಸ. ಜಿ ಎಂದರೆ ಪ, ನಿ, ರಿ. ಎ ಮೈನರ್ ಎಂದರೆ ಧ, ಸ, ಗ. ಡಿ ಮೈನರ್ ಎಂದರೆ ರಿ, ಮ, ಧ. ಇವೆಲ್ಲವೂ ಶಂಕರಾಭರಣದ ಸ್ವರಗಳೇ.

ಈಗ ಹಾಳೆಯ ಮೇಲೆ 'ಸಿ/ಇ' ಎಂದು ಬರೆದಿದೆ ಎನ್ನೋಣ. ನಮ್ಮ ವೃತ್ತಿ ಬ್ಯಾಂಕಿನದು. ಬ್ಯಾಂಕಿನ ನಮೂನೆಗಳಲ್ಲಿ ಓರೆಗೆರೆ ಎಂದರೆ ಇದು ಅಥವಾ ಅದು. ಅನ್ವಯಿಸದೆ ಇರುವುದನ್ನು ಹೊಡೆದುಹಾಕತಕ್ಕದ್ದು. ಸಂಗೀತದ ಓರೆಗೆರೆ ಹಾಗಲ್ಲ. ಇಲ್ಲಿ ಯಾವುದನ್ನೂ ಹೊಡೆದುಹಾಕುವಂತಿಲ್ಲ. ಗೆರೆಯ ಮುಂಚಿನದು ಕಾರ್ಡ್. ಗೆರೆಯ ನಂತರದ್ದು ಒಂದೇ ಒಂದು ಸ್ವರ, ಎಲ್ಲಕ್ಕಿಂತ ಕೆಳಗೆ, ಮಂದ್ರದಲ್ಲಿ ನುಡಿಯಬೇಕಾದದ್ದು. ಸಿ/ಇ ಎಂದರೆ ಮೇಲೆ ಸ, ಗ, ಪ, ತಳದಲ್ಲಿ ಗಾಂಧಾರ. ಸಿ/ಜಿ ಎಂದರೆ ಅದೇ ಗುಚ್ಛ, ತಳದಲ್ಲಿ ಪಂಚಮ. ಗೆರೆಯ ನಂತರದ ಅಕ್ಷರವನ್ನು ಲೆಕ್ಕಿಸದೆ ನುಡಿಸಿಬಿಡುವವರೇ ಹೆಚ್ಚು. ಹಾಗೆ ನುಡಿಸಿದರೆ ತಪ್ಪು ಸ್ವರವೇನೂ ಕೇಳಿಸುವುದಿಲ್ಲವಾದ್ದರಿಂದ ಯಾರೂ ತಿದ್ದುವುದೂ ಇಲ್ಲ. ಆದರೆ ಹಾಡಿನ ನಡಿಗೆ ಕುಂಟುತ್ತದೆ.

ಮೂರೂ ಸ್ವರಗಳು ಅವೇ ಆಗಿರುವಾಗ ತಳದಲ್ಲಿ ಯಾವುದಿದ್ದರೇನು ಎಂಬ ಪ್ರಶ್ನೆ ಸಹಜ. ಉತ್ತರ ನಮ್ಮ ತಂಬೂರಿಯಲ್ಲಿದೆ. ಮಂದ್ರ ಷಡ್ಜದ ತಂತಿಯನ್ನು ಮೀಟಿದಾಗ ಷಡ್ಜವೊಂದೇ ಅಲ್ಲದೆ ಪಂಚಮವೂ, ಕಿವಿಗೊಟ್ಟು ಆಲಿಸಿದರೆ ಸ್ವಯಂಭೂ ಗಾಂಧಾರವೂ ಅದರೊಳಗಿಂದ ಹೊಮ್ಮುತ್ತವೆ. ತಂತಿಯ ಮೂಲ ಕಂಪನದ ಮೂರರಷ್ಟು ವೇಗದ ಕಂಪನ ಪಂಚಮವನ್ನೂ, ಐದರಷ್ಟು ವೇಗದ್ದು ಗಾಂಧಾರವನ್ನೂ ಕೊಡುತ್ತದೆ. ಆದ್ದರಿಂದ ಸ ಗ ಪ ಗುಚ್ಛದ ತಳದಲ್ಲಿ ಷಡ್ಜವಿದ್ದಾಗ ತಳವೇ ಮೇಲಿನ ಸ್ವರಗಳನ್ನೆಲ್ಲ ಎತ್ತಿಹಿಡಿಯುತ್ತದೆ. ತಳದಲ್ಲಿ ಗಾಂಧಾರವನ್ನಿಟ್ಟರೆ ಅದರ ಒಡಲಿನಿಂದ ಹೊಮ್ಮುವ ಸ್ವರಗಳಲ್ಲಿ ನಿಷಾದವೂ ಒಂದು. ಅದು ಮೇಲಿರುವ ಷಡ್ಜಕ್ಕೆ ಅರ್ಧ ಸ್ವರದಷ್ಟೇ ದೂರದ ನೆರೆಯವನು, ಅಷ್ಟಾಗಿ ಹೊಂದುವವನಲ್ಲ. ಹೀಗಾಗಿ ಸಿ/ಇ ಮಧುರವಾಗಿದ್ದರೂ ಊರಿ ಕುಳಿತಂತಿರುವುದಿಲ್ಲ, ಹೊರಟು ನಿಂತಂತಿರುತ್ತದೆ. ಪಾಶ್ಚಾತ್ಯರು ಇದನ್ನು ಬಹಳ ಹಿಂದೆಯೇ ಗುರುತಿಸಿದ್ದರು. ಹದಿನೇಳು, ಹದಿನೆಂಟನೆಯ ಶತಮಾನಗಳಲ್ಲಿ ತಳದ ಸ್ವರವನ್ನು ಮಾತ್ರ ಬರೆದು ಅದರ ಮೇಲೇನಿರಬೇಕೆಂಬುದನ್ನು ಅಂಕಿಗಳಿಂದ ಸೂಚಿಸುವ ಪದ್ಧತಿಯಿತ್ತು. ತಳ ಬದಲಾದರೂ ಗುಚ್ಛ ಒಂದೇ ಎಂಬುದನ್ನು ಶಾಸ್ತ್ರವಾಗಿ ನಿರೂಪಿಸಿದವನು ಫ್ರೆಂಚ್ ಸಂಗೀತಗಾರ ರಾಮೋ, ೧೭೨೨ರ ತನ್ನ ಗ್ರಂಥದಲ್ಲಿ.

ಓರೆಗೆರೆಯ ನಿಜವಾದ ಪ್ರಯೋಜನ ಕಾಣುವುದು ಒಂದೇ ಕಾರ್ಡಿನಲ್ಲಲ್ಲ, ಸಾಲಿನಲ್ಲಿ. ಸಿ, ಜಿ, ಎ ಮೈನರ್, ಎಫ್, ಸಿ, ಡಿ ಮೈನರ್, ಜಿ ಎಂಬ ಸಾಲನ್ನು ಹಾಗೆಯೇ ನುಡಿಸಿದರೆ ತಳದ ಸ್ವರಗಳು ಸ, ಪ, ಧ, ಮ, ಸ, ರಿ, ಪ ಎಂದು ಕುಪ್ಪಳಿಸುತ್ತವೆ. ಈಗ ಅದನ್ನೇ ಸಿ, ಜಿ/ಬಿ, ಎ ಮೈನರ್, ಎ ಮೈನರ್/ಜಿ, ಎಫ್, ಸಿ/ಇ, ಡಿ ಮೈನರ್, ಜಿ ಎಂದು ನುಡಿಸಿ ನೋಡಿರಿ. ಎಡಗೈ ನುಡಿಸುವುದು ಸ, ನಿ, ಧ, ಪ, ಮ, ಗ, ರಿ. ಕೊನೆಗೆ ಪಂಚಮಕ್ಕೆ ನೆಗೆದು ಮತ್ತೆ ಷಡ್ಜಕ್ಕೆ ಮರಳಲು ಸಿದ್ಧವಾಗುತ್ತದೆ. ಶಂಕರಾಭರಣದ ಅವರೋಹಣವೇ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬಂದಂತಾಯಿತು! ಹಾಡುವವರ ಧಾಟಿಯ ಕೆಳಗೆ ಇನ್ನೊಂದು ಧಾಟಿ ತಾನೇ ಹುಟ್ಟಿಕೊಂಡಿತು. ೧೯೬೮ರಲ್ಲಿ ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ರಚಿಸಿದ, ಗಿಟಾರ್ ಅಳುವುದನ್ನು ಕುರಿತ ಪ್ರಸಿದ್ಧ ಗೀತೆಯನ್ನು ಕೇಳಿದವರಿಗೆ ಈ ಇಳಿಜಾರು ಪರಿಚಿತ. ಅಲ್ಲಿ ಆರಂಭದ ಕಾರ್ಡುಗಳ ತಳ ಒಂದೊಂದೇ ಹೆಜ್ಜೆ ಕೆಳಗಿಳಿಯುವುದರಲ್ಲಿಯೇ ಹಾಡಿನ ವಿಷಾದವೆಲ್ಲ ಅಡಗಿದೆ.

ಗುಚ್ಛದಲ್ಲಿಲ್ಲದ ಸ್ವರವನ್ನೂ ತಳದಲ್ಲಿ ಇಡಬಹುದು. ಎಫ್/ಜಿ ಇದಕ್ಕೆ ಒಳ್ಳೆಯ ನಿದರ್ಶನ: ಮೇಲೆ ಮ, ಧ, ಸ, ತಳದಲ್ಲಿ ಪಂಚಮ. ಜಿ ಕಾರ್ಡಿನಂತೆಯೇ ಇದೂ ಷಡ್ಜದತ್ತ ಮುಖ ಮಾಡಿರುತ್ತದೆ. ಆದರೆ ಅದರಲ್ಲಿ ನಿಷಾದವಿಲ್ಲದ ಕಾರಣ ಅವಸರವಿಲ್ಲ. ಪಲ್ಲವಿಗೆ ಮರಳುವ ಮುನ್ನ ಒಂದು ಮಾತ್ರೆ ಕಾಯುವಲ್ಲಿ ಇದು ಬಹಳ ಸೊಗಸು.

ಇನ್ನು ನಮ್ಮ ಹಿರಿಯರ ಆಕ್ಷೇಪಕ್ಕೆ ಬರೋಣ. ಕಲ್ಯಾಣಿಯ ಧಾಟಿಯ ಭಾವಗೀತೆಯೊಂದಕ್ಕೆ ಕೀಬೋರ್ಡ್ ವಾದಕ ಡಿ ಮೇಜರ್ ಹಾಕುತ್ತಾನೆ. ಅದರ ಸ್ವರಗಳು ರಿ, ಪ್ರತಿ ಮಧ್ಯಮ, ಧ; ಮೂರೂ ಕಲ್ಯಾಣಿಗೆ ಸಲ್ಲುವಂತಹವೇ. ಆದರೂ ಕೇಳುಗರಿಗೆ ಮುಜುಗರವಾಗುತ್ತದೆ. ಕಾರಣವೇನು? ಎಡಗೈ ತಳದಲ್ಲಿ ಋಷಭವನ್ನು ಬಲವಾಗಿ ಊರಿದೊಡನೆ ಕಿವಿ ಅದನ್ನೇ ಆಧಾರ ಷಡ್ಜವೆಂದು ಭ್ರಮಿಸುತ್ತದೆ. ಬೇಡದ ಸ್ಥಳದಲ್ಲಿ ಗ್ರಹಭೇದವಾಯಿತು. ಅದನ್ನೇ ಡಿ/ಸಿ ಎಂದು ನುಡಿಸಿದರೆ ತಳದಲ್ಲಿ ಷಡ್ಜ ಅಲುಗದೆ ನಿಂತಿರುತ್ತದೆ. ಅದರ ಮೇಲೆ ಪ್ರತಿ ಮಧ್ಯಮ ತನ್ನ ಪೂರ್ಣ ಕಾಂತಿಯಿಂದ ಬೆಳಗುತ್ತದೆ. ಶಂಕರಾಭರಣದ ಧಾಟಿಗಾದರೆ ಸಿ, ಎಫ್/ಸಿ, ಜಿ/ಸಿ, ಸಿ ಎಂಬ ಸಾಲು ಇದೇ ಕೆಲಸ ಮಾಡುತ್ತದೆ. ಪಾಶ್ಚಾತ್ಯರು ಇದಕ್ಕೆ ಪೆಡಲ್ ಪಾಯಿಂಟ್ ಎನ್ನುತ್ತಾರೆ. ಆರ್ಗನ್ ವಾದಕರು ಕಾಲಿನಡಿಯ ಪೆಡಲನ್ನು ಒತ್ತಿಹಿಡಿದು ಮೇಲೆ ಕೈಗಳಿಂದ ಸಂಚರಿಸುತ್ತಿದ್ದುದರಿಂದ ಬಂದ ಹೆಸರು. ನಾವು ಶ್ರುತಿ ಎನ್ನುವುದಕ್ಕೆ ಅದು ಅತ್ಯಂತ ಸಮೀಪದ ಬಂಧು. ರಾಗದ ಧಾಟಿಗೆ ಪಾಶ್ಚಾತ್ಯ ಸ್ವರಮೇಳವನ್ನು ಹೊಂದಿಸುವ ಸೂಕ್ಷ್ಮ ಕೆಲಸವನ್ನು ಇದೇ ಮುಂಬಯಿಯ ಚಿತ್ರರಂಗದಲ್ಲಿ ಗೋವಾ ಮೂಲದ ಸಂಗೀತಗಾರರು ದಶಕಗಳ ಕಾಲ ನಡೆಸಿದರು. ಶಂಕರ್-ಜೈಕಿಶನ್ ಅವರೊಡನೆ ದುಡಿದ ಸೆಬಾಸ್ಟಿಯನ್ ಡಿಸೋಜಾ ಅವರನ್ನು ಇಲ್ಲಿ ನೆನೆಯದಿರಲಾಗದು.

ಓರೆಗೆರೆ ಎಲ್ಲವನ್ನೂ ಸರಿಪಡಿಸುತ್ತದೆಂದು ನಾವು ಹೇಳುತ್ತಿಲ್ಲ. ಮೋಹನ ರಾಗದಲ್ಲಿ ಸ, ರಿ, ಗ, ಪ, ಧ ಐದೇ ಸ್ವರಗಳು. ಅದಕ್ಕೆ ಎಫ್ ಹಾಕಿದರೆ ಮಧ್ಯಮ, ಜಿ ಹಾಕಿದರೆ ನಿಷಾದ ನುಸುಳುತ್ತವೆ; ತಳದಲ್ಲಿ ಷಡ್ಜವಿಟ್ಟ ಮಾತ್ರಕ್ಕೆ ಅವು ಒಳಗಿನವಾಗುವುದಿಲ್ಲ. ಈ ಐದರಿಂದ ಕಟ್ಟಬಹುದಾದ ಮೇಜರ್, ಮೈನರ್ ಕಾರ್ಡುಗಳು ಸಿ ಮತ್ತು ಎ ಮೈನರ್ ಎರಡೇ. ಎ ಮೈನರ್/ಸಿ, ಸಿ/ಜಿ ಮುಂತಾಗಿ ತಳವನ್ನು ಬದಲಿಸಿಕೊಂಡು ಈ ಎರಡರಲ್ಲಿಯೇ ಸಂಸಾರ ತೂಗಿಸಬೇಕು. ಅಷ್ಟರಲ್ಲಿಯೇ ಸೊಗಸಾಗಿ ತೂಗುತ್ತದೆ ಕೂಡ. ಹಾಗೆಯೇ, ಗಾಯಕರು ಗಮಕದಲ್ಲಿ ತೂಗುತ್ತಿರುವಾಗ ಯಾವ ಕಾರ್ಡೂ ಬೇಡ. ಧಾಟಿ ಒಂದು ಸ್ವರದ ಮೇಲೆ ನಿಂತಾಗ ಮಾತ್ರ ನುಡಿಸಿದರೆ ಸಾಕು.

ಕೈಗಳ ವಿಚಾರ. ಕೀಬೋರ್ಡಿನಲ್ಲಿ ತಳದ ಸ್ವರ ಎಡಗೈಗೆ, ಒಂದೇ ಬೆರಳಿಗೆ, ಗುಚ್ಛ ಬಲಗೈಗೆ. ಎಡಗೈಯಲ್ಲೂ ಪೂರ್ಣ ಗುಚ್ಛ ನುಡಿಸಿದರೆ ಮಂದ್ರದಲ್ಲಿ ಕೆಸರಾಗುತ್ತದೆ. ತಾನೇ ತಾಳ ಮತ್ತು ಬೇಸ್ ನುಡಿಸುವ ವ್ಯವಸ್ಥೆಯುಳ್ಳ ಕೀಬೋರ್ಡ್ ಆದರೆ ಇನ್ನೊಂದು ತೊಡಕು: ನೀವು ಗಾಂಧಾರವನ್ನು ಕೆಳಗಿಟ್ಟು ಒತ್ತಿದರೂ ಯಂತ್ರ ಹಟದಿಂದ ಷಡ್ಜವನ್ನೇ ನುಡಿಸಬಹುದು. ಹಲವು ಕೀಬೋರ್ಡುಗಳಲ್ಲಿ 'ಆನ್ ಬೇಸ್' ಎಂಬ ಆಯ್ಕೆಯಿರುತ್ತದೆ. ಅದನ್ನು ಆರಿಸಿದರೆ ಯಂತ್ರ ಮಾತು ಕೇಳುತ್ತದೆ. ಗಿಟಾರಿನಲ್ಲಿ ಜಿ/ಬಿ ಬೇಕಾದರೆ ಐದನೆಯ ತಂತಿಯ ಎರಡನೆಯ ಮನೆಯನ್ನು ಒತ್ತಿ ಆರನೆಯ ತಂತಿಯನ್ನು ಮುಟ್ಟದಿರಬೇಕು. ಸಿ/ಜಿ ಬೇಕಾದರೆ ಆರನೆಯ ತಂತಿಯ ಮೂರನೆಯ ಮನೆ. ತಂಡದಲ್ಲಿ ಬೇಸ್ ಗಿಟಾರ್ ಇದ್ದರಂತೂ ಗೆರೆಯ ಕೆಳಗಿನ ಸ್ವರ ಅವರ ಪಾಲಿನದು. ಹಾಳೆಯ ಪ್ರತಿಯನ್ನು ಅವರಿಗೂ ಕೊಟ್ಟಿರಬೇಕು. ಇಲ್ಲವಾದರೆ ಒಬ್ಬರು ಷಡ್ಜ, ಇನ್ನೊಬ್ಬರು ಗಾಂಧಾರ ಊರಿ ಸಿ/ಇ ಎಂಬುದು ಕಾಗದದ ಮೇಲೆಯೇ ಉಳಿಯುತ್ತದೆ.

ಸಮೂಹಗಾನಕ್ಕೆ ಪಕ್ಕವಾದ್ಯ ನುಡಿಸುವವರು ಇದೊಂದನ್ನು ವಿಶೇಷವಾಗಿ ಗಮನಿಸಬೇಕು. ಹಾಡುವವರು ಷಡ್ಜವನ್ನು ಹುಡುಕುವುದು ತಳದ ಸ್ವರದಲ್ಲಿ. ಆದುದರಿಂದ ಹಾಡಿನ ಎತ್ತುಗಡೆಯಲ್ಲಿಯೂ ಮುಕ್ತಾಯದಲ್ಲಿಯೂ ಓರೆಗೆರೆಯಿಲ್ಲದ ಸಿ ಕಾರ್ಡನ್ನೇ ಇಡುವುದು ಕ್ಷೇಮ. ಇಳಿಜಾರು, ತಿರುವುಗಳೆಲ್ಲ ಚರಣದ ನಡುವೆ ಇರಲಿ.