ಸೈಕಲ್ ಸವಾರಿ ಮತ್ತು ಮಂಡಿನೋವು

ಸೈಕಲ್ ಸವಾರರಲ್ಲಿ ಮಂಡಿಯ ಸುತ್ತ ಕಾಣಿಸಿಕೊಳ್ಳುವ ನೋವು ಬಹುಮಟ್ಟಿಗೆ ಅತಿಬಳಕೆಯಿಂದ ಉಂಟಾಗುವ ತೊಂದರೆಯಾಗಿದೆ. ದೇಹದ ಭಾರದ ಬಹುಭಾಗವನ್ನು ಸೀಟು ಹೊರುವುದರಿಂದ, ಓಟಕ್ಕೆ ಹೋಲಿಸಿದರೆ ಸೈಕಲ್ ಸವಾರಿಯಲ್ಲಿ ಮಂಡಿಗೆ ಬೀಳುವ ಹೊಡೆತ ಕಡಿಮೆ. ಆದರೆ ಒಂದೇ ಚಲನೆಯು ಸಾವಿರಾರು ಬಾರಿ ಪುನರಾವರ್ತನೆಯಾಗುವುದರಿಂದ ಸೀಟಿನ ಎತ್ತರದಲ್ಲಿನ ಸಣ್ಣ ದೋಷವೂ ನೋವಿಗೆ ಕಾರಣವಾಗಬಲ್ಲದು.

ಕಾರಣಗಳು

ಮಂಡಿಯು ತೊಡೆಯ ಮೂಳೆ, ಕಣಕಾಲಿನ ಮೂಳೆ ಹಾಗೂ ಮಂಡಿಚಿಪ್ಪು ಕೂಡುವ ಕೀಲು. ಮಂಡಿ ಹೆಚ್ಚು ಮಡಿಚಿರುವಾಗ ಪೆಡಲನ್ನು ಬಲವಾಗಿ ಒತ್ತಿದರೆ ಮಂಡಿಚಿಪ್ಪಿನ ಹಿಂಬದಿಯ ಮೇಲೆ ಒತ್ತಡ ಏರುತ್ತದೆ.

ದಾವಣಗೆರೆಯ ಪಿ.ಜೆ. ಬಡಾವಣೆಯಿಂದ ತುಂಗಭದ್ರಾ ತೀರದ ಹರಿಹರಕ್ಕೆ ಸುಮಾರು 14 ಕಿ.ಮೀ. ದೂರವಿದೆ. ಪೆಡಲಿನ ಒಂದು ಸುತ್ತಿಗೆ 5 ಮೀಟರ್ ಸಾಗುವ ಸೈಕಲ್‌ನಲ್ಲಿ ಈ ದೂರವನ್ನು ಕ್ರಮಿಸಲು ಪ್ರತಿ ಮಂಡಿಯೂ ಸುಮಾರು 2,800 ಬಾರಿ ಮಡಿಚಿ ಚಾಚಬೇಕು. ಹೋಗಿಬರುವುದಾದರೆ 5,600 ಬಾರಿ.

ನೋವಿನ ಸ್ಥಾನ

ನೋವಿರುವ ಜಾಗವು ಕಾರಣವನ್ನು ಗುರುತಿಸಲು ನೆರವಾಗುತ್ತದೆ.
* ಮುಂಭಾಗ: ಸೀಟು ತಗ್ಗಾಗಿರುವುದು ಅಥವಾ ಬಹಳ ಮುಂದಿರುವುದು; ಭಾರವಾದ ಗೇರ್‌ನ ಬಳಕೆ.
* ಹಿಂಭಾಗ: ಸೀಟು ಅತಿ ಎತ್ತರವಾಗಿದ್ದು ಕಾಲು ಪೂರ್ತಿ ಚಾಚಿಕೊಳ್ಳುವುದು.
* ಒಳ ಮತ್ತು ಹೊರ ಬದಿ: ಪಾದವನ್ನು ಪೆಡಲಿನ ಮೇಲೆ ಓರೆಯಾಗಿ ಇಡುವುದು, ಮಂಡಿ ಒಳಕ್ಕೆ ಅಥವಾ ಹೊರಕ್ಕೆ ವಾಲುವುದು.

ತಡೆಗಟ್ಟುವ ಕ್ರಮಗಳು

ಸೀಟಿನ ಮೇಲೆ ಕುಳಿತು, ಅತಿ ಕೆಳಗಿರುವ ಪೆಡಲಿನ ಮೇಲೆ ಹಿಮ್ಮಡಿ ಇಟ್ಟಾಗ ಕಾಲು ನೇರವಾಗಬೇಕು. ಬಳಿಕ ಪಾದದ ಮುಂಭಾಗದಿಂದ ತುಳಿದರೆ ಮಂಡಿ ತುಸು ಬಾಗಿರುತ್ತದೆ. ಈ ಬಾಗು 25ರಿಂದ 35 ಡಿಗ್ರಿಗಳಷ್ಟಿರುವುದು ಸೂಕ್ತವೆಂದು ಪರಿಗಣಿಸಲಾಗಿದೆ. ಸವಾರಿಯಲ್ಲಿ ಸೊಂಟ ಅತ್ತಿತ್ತ ತೂಗಾಡಿದರೆ ಸೀಟು ಎತ್ತರವಾಯಿತೆಂದು ತಿಳಿಯಬೇಕು. ಸೀಟಿನ ಎತ್ತರವನ್ನು ಒಮ್ಮೆಗೆ ಕೆಲವೇ ಮಿಲಿಮೀಟರ್‌ಗಳಷ್ಟು ಬದಲಿಸುವುದು ಒಳಿತು.

ಗೇರ್ ಇರುವ ಸೈಕಲ್‌ನಲ್ಲಿ ಹಗುರ ಗೇರ್ ಬಳಸಿ ನಿಮಿಷಕ್ಕೆ 80–90 ಸುತ್ತು ತುಳಿದರೆ ಪ್ರತಿ ತುಳಿತಕ್ಕೆ ಬೇಕಾದ ಬಲ ತಗ್ಗುತ್ತದೆ. ಗೇರ್ ಇಲ್ಲದ ಸೈಕಲ್‌ನಲ್ಲಿ ಏರು ಅಥವಾ ಎದುರುಗಾಳಿ ಬಂದಾಗ ಇಳಿದು ತಳ್ಳುವುದರಿಂದ ಮಂಡಿಗೆ ಬಿಡುವು ದೊರೆಯುತ್ತದೆ. ಸವಾರಿಯ ದೂರವನ್ನು ವಾರದಿಂದ ವಾರಕ್ಕೆ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುವುದು, ಮೊದಲ ಕೆಲವು ನಿಮಿಷ ನಿಧಾನವಾಗಿ ತುಳಿಯುವುದು, ತೊಡೆ ಹಾಗೂ ಸೊಂಟದ ಸ್ನಾಯುಗಳನ್ನು ಬಲಪಡಿಸುವುದು ಇತರ ಉಪಾಯಗಳು.

ವಿದ್ಯಾರ್ಥಿಗಳು ಮತ್ತು ಸೈಕಲ್

ಕರ್ನಾಟಕ ಸರ್ಕಾರವು 2006-07ರಲ್ಲಿ 8ನೇ ತರಗತಿಯ ವಿದ್ಯಾರ್ಥಿಗಳಿಗೆ ಉಚಿತ ಸೈಕಲ್ ವಿತರಣೆಯನ್ನು ಆರಂಭಿಸಿತು. ಈ ವಯಸ್ಸಿನ ಮಕ್ಕಳ ಎತ್ತರ ವೇಗವಾಗಿ ಬೆಳೆಯುವುದರಿಂದ, 8ನೇ ತರಗತಿಯಲ್ಲಿ ಹೊಂದಿದ್ದ ಸೀಟು 10ನೇ ತರಗತಿಯ ವೇಳೆಗೆ ತಗ್ಗಾಗಬಹುದು. ಕೆಲವು ತಿಂಗಳಿಗೊಮ್ಮೆ ಸೀಟಿನ ಬೋಲ್ಟ್ ಸಡಿಲಿಸಿ ಎತ್ತರ ಸರಿಪಡಿಸಿದರೆ ಸಾಕು. ಆದರೆ ಸೀಟಿನ ಕಂಬವನ್ನು ಅದರ ಮೇಲಿನ ಗರಿಷ್ಠ ಮಿತಿಯ ಗುರುತಿಗಿಂತ ಹೊರಕ್ಕೆ ಎಳೆಯಬಾರದು.

ವೈದ್ಯಕೀಯ ನೆರವು

ಸಾಮಾನ್ಯ ನೋವು ಸವಾರಿಗೆ ಕೆಲವು ದಿನ ಬಿಡುವು ಕೊಟ್ಟರೆ ತಗ್ಗುತ್ತದೆ. ಮಂಡಿ ಊದಿಕೊಂಡರೆ, ಮಡಿಚಲಾಗದೆ ಸಿಕ್ಕಿಕೊಂಡರೆ, ನಡೆಯುವಾಗ ಕುಸಿದಂತಾದರೆ ಅಥವಾ ವಿಶ್ರಾಂತಿಯಲ್ಲಿಯೂ ನೋವು ಮುಂದುವರಿದರೆ ಮೂಳೆ ಮತ್ತು ಕೀಲು ತಜ್ಞರನ್ನು ಕಾಣುವುದು ಅಗತ್ಯ.