ಮೋಟರ್ ಎತ್ತುವ ಮುಂಚೆ

ಬೆಳಗಿನ ಎಂಟೂವರೆಗೆ ಕರೆಂಟ್ ಬಂತು, ನೀರು ಬರಲಿಲ್ಲ. ದ್ರಾಕ್ಷಿ ತೋಟದ ಅಂಚಿನ ಹೊಂಡಕ್ಕೆ ಬಾಯಿ ಚಾಚಿಕೊಂಡಿದ್ದ ಪೈಪು ಉಸಿರನ್ನೂ ಬಿಡಲಿಲ್ಲ. ಮಹಾರಾಷ್ಟ್ರದ ಜತ್ತ ತಾಲ್ಲೂಕಿನಲ್ಲಿ, ಸಂಖದ ಸುತ್ತಿನ ಹಳ್ಳಿಗಳಲ್ಲಿ, ಇಂಥ ಹೊತ್ತಿನಲ್ಲಿ ಯಾರೂ ಕೂಡಲೇ ಮೆಕ್ಯಾನಿಕನಿಗೆ ಫೋನ್ ಮಾಡುವುದಿಲ್ಲ. ಮೊದಲು ಕಿವಿ ಕೊಡುತ್ತಾರೆ. ಮಾಮಾ ಬೋರಿನ ಬಾಯಿಯ ಹತ್ತಿರ ಮಂಡಿಯೂರಿ, ಟವೆಲ್ ಸರಿಸಿ, ಕಬ್ಬಿಣದ ಪೈಪಿಗೆ ಬಲಗಿವಿ ಹಚ್ಚಿದರು.

"ಗುಂಯ್ ಅಂತೈತಿ. ತಿರುಗವಲ್ತು."

ಅಷ್ಟರಲ್ಲಿ ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಟಪ್ ಎಂದು ರಿಲೇ ಬಿತ್ತು.

ಮಾಮಾ ಎಂದರೆ ನನ್ನ ಅಕ್ಕನ ಗಂಡ. ಅವರ ಮಗನಿಗೆ ನಾನು ಮಾಮಾ. ಈ ಮನೆಯಲ್ಲಿ ಯಾರಾದರೂ ಮಾಮಾ ಎಂದು ಕೂಗಿದರೆ ಇಬ್ಬರು ತಿರುಗಿ ನೋಡುತ್ತೇವೆ. ವಿಜಯಪುರದಿಂದ ನಾನು ಬಂದದ್ದು ಎರಡು ದಿನದ ಊಟಕ್ಕೆ. ಸಿಕ್ಕಿದ್ದು ಈ ಕೆಲಸ.

ನಾನೂರಿಪ್ಪತ್ತು ಅಡಿ ಕೆಳಗೆ, ಕತ್ತಲಲ್ಲಿ, ನೀರಿನೊಳಗೆ ಮುಳುಗಿ ಕೂತ ಐದು ಎಚ್‌ಪಿ ಯಂತ್ರಕ್ಕೆ ಏನಾಗಿದೆ ಎಂದು ಮೇಲೆ ನಿಂತು ಹೇಳಬೇಕು. ನೋಡಲು ಬರುವುದಿಲ್ಲ, ಮುಟ್ಟಲು ಬರುವುದಿಲ್ಲ. ಎತ್ತಿ ನೋಡಬಹುದು, ಆದರೆ ಎತ್ತುವ ಗಾಡಿ ಕರೆಸಿದರೆ ದುಡ್ಡು ಹೋಗುತ್ತದೆ, ದಿನವೂ ಹೋಗುತ್ತದೆ. ಹೀಗಾಗಿ ಇಲ್ಲಿಯ ರೈತನ ರಿಪೇರಿ ವಿದ್ಯೆಯೆಲ್ಲ ಒಂದೇ ಕಡೆ ಬಂದು ನಿಂತಿದೆ: ಮೋಟರ್ ಎತ್ತುವ ಮುಂಚೆ ಮೇಲಿನದನ್ನೆಲ್ಲ ನೋಡಿ ಮುಗಿಸು.

ಮೇಲಿನದು ಎಂದರೆ ಕಂಬದಿಂದ ಶುರು. ತಂತಿಯ ಗುಂಟ ನಾವೂ ನಡೆದೆವು.

ಎಡಕ್ಕೆ ಜಾಲಿ, ಬಲಕ್ಕೆ ಪಕ್ಕದವರ ದಾಳಿಂಬೆ. ಸಾಂಗಲಿ ಜಿಲ್ಲೆಯಲ್ಲಿ ವಿಸ್ತೀರ್ಣಕ್ಕೆ ಎಲ್ಲಕ್ಕಿಂತ ದೊಡ್ಡ ತಾಲ್ಲೂಕು ಜತ್ತ, ನೀರಿಗೆ ಎಲ್ಲಕ್ಕಿಂತ ಬಡವ. 2019ರ ಆಗಸ್ಟಿನಲ್ಲಿ ಸಾಂಗಲಿ ಪೇಟೆಯ ಐರ್ವಿನ್ ಸೇತುವೆಯ ಬಳಿ ಕೃಷ್ಣೆ 57 ಅಡಿ ಮುಟ್ಟಿ, ಬೀದಿಗಳಲ್ಲಿ ಬೋಟು ಓಡುತ್ತಿದ್ದಾಗ ಇದೇ ಜಿಲ್ಲೆಯ ಈ ತುದಿಯ ಹಳ್ಳಿಗಳಿಗೆ ಕುಡಿಯುವ ನೀರು ಟ್ಯಾಂಕರಿನಲ್ಲಿ ಬರುತ್ತಿತ್ತು. ಕೃಷ್ಣೆಯನ್ನು ಮ್ಹೈಸಾಳದಿಂದ ಮೇಲೆತ್ತಿ ತರುವ ಯೋಜನೆಯ ನೀರು ತಾಲ್ಲೂಕಿನ ಒಂದಷ್ಟು ಭಾಗಕ್ಕೆ ಮುಟ್ಟಿದೆ. ಪೂರ್ವದ ಕನ್ನಡ ಹಳ್ಳಿಗಳು ಕಾಯುತ್ತ ಬಂದವು, ಬೇಸತ್ತು 2012ರಲ್ಲಿ ಕರ್ನಾಟಕಕ್ಕೆ ಸೇರುತ್ತೇವೆ ಎಂದು ಠರಾವು ಮಾಡಿದವು. 2022ರ ಕೊನೆಗೆ ಗಡಿ ಗಲಾಟೆ ಮತ್ತೆ ಎದ್ದಾಗ ಕರ್ನಾಟಕದ ಕಡೆಯ ತುಬಚಿ–ಬಬಲೇಶ್ವರ ಏತ ನೀರಾವರಿಯ ನೀರು ತಿಕ್ಕುಂಡಿ ಕೆರೆಗೆ ಹರಿದು ಬಂತು. ನೀರು ಯಾವ ಭಾಷೆಯಲ್ಲಿ ಬಂದರೂ ಬೇಕು ಎಂದು ಅಕ್ಕ ಅಂದಿದ್ದಳು. ಅಲ್ಲಿಯವರೆಗೆ, ಇಲ್ಲಿಯವರೆಗೂ, ಬೋರೇ ಗತಿ.

ಡೀಪಿ ಬಂತು. ಎರಡು ಕಂಬದ ನಡುವೆ ಕೂತ ಟ್ರಾನ್ಸ್‌ಫಾರ್ಮರಿಗೆ ಮಹಾರಾಷ್ಟ್ರದಲ್ಲಿ ಇದೇ ಹೆಸರು. ಕೆಳಗೆ ಬಾಗಿಲು ಕಿತ್ತ ಫ್ಯೂಸ್ ಪೆಟ್ಟಿಗೆ. ಫ್ಯೂಸ್ ತಂತಿ ಇರಬೇಕಾದ ಒಂದು ಕಡೆ ದಪ್ಪ ಅಲ್ಯೂಮಿನಿಯಂ ಎಳೆ ಸುತ್ತಿದ್ದಾರೆ. ಫ್ಯೂಸ್ ಹೋಗುವುದೇ ಬೇಡ ಎಂಬ ಉಪಾಯ. ಫ್ಯೂಸ್ ಹೋಗದಿದ್ದರೆ ಮೋಟರ್ ಹೋಗುತ್ತದೆ, ಇಲ್ಲವೇ ಡೀಪಿಯೇ ಹೋಗುತ್ತದೆ. ಲೈನ್‌ಮನ್ ಬರುವತನಕ ಬೆಳೆ ಕಾಯುವುದಿಲ್ಲ ಎನ್ನುವುದು ಹಳ್ಳಿಯ ವಾದ. ನಾನು ಒಪ್ಪುವುದಿಲ್ಲ. ಒದ್ದೆಗಾಲಿನಲ್ಲಿ ಡೀಪಿಗೆ ಕೈ ಹಾಕಿ ಹೋದವರ ಫೋಟೊ ಹಾರ ಹಾಕಿಕೊಂಡು ಗೋಡೆಯ ಮೇಲಿರುವ ಮನೆ ಈ ಸೀಮೆಯಲ್ಲಿ ಹುಡುಕಬೇಕಾಗಿಲ್ಲ. ಮಾಮಾ ಐದಡಿ ದೂರ ನಿಂತೇ ನೋಡಿದರು. "ಮೂರೂ ಫೇಸ್ ಅದಾವ. ನಡಿ." ಅವರ ಸ್ವಂತ ರಿಪೇರಿಯ ಗಡಿ ಡೀಪಿಯಿಂದ ಈಚೆಗೆ.

ತೋಟದ ಸುತ್ತ ಎಲ್ಲರ ಪಂಪೂ ಒಮ್ಮೆಲೇ ಶುರುವಾಗಿದ್ದವು. ಹೊಲಕ್ಕೆ ಮೂರು ಫೇಸ್ ಬರುವುದು ಪಾಳಿಯ ಮೇಲೆ, ಕೆಲವು ದಿನ ಹಗಲು ಎಂಟು ತಾಸು, ಕೆಲವು ದಿನ ರಾತ್ರಿ. ರಾತ್ರಿ ಎದ್ದು ಹೋಗುವ ಬದಲು ಜನ ಆಟೋ ಸ್ವಿಚ್ ಹಾಕಿಸಿದ್ದಾರೆ; ಕರೆಂಟ್ ಬಂದ ಕ್ಷಣ ಮೋಟರ್ ತಾನೇ ಹೊರಡುತ್ತದೆ. ಎಲ್ಲವೂ ಒಂದೇ ಕ್ಷಣ ಹೊರಟರೆ ವೋಲ್ಟೇಜ್ ಕುಸಿಯುತ್ತದೆ, ಕುಸಿದ ವೋಲ್ಟೇಜಿನಲ್ಲಿ ಮೋಟರ್ ಹೆಚ್ಚು ಆಂಪಿಯರ್ ಎಳೆದು ಕಾಯುತ್ತದೆ. 2024ರಿಂದ 7.5 ಎಚ್‌ಪಿವರೆಗಿನ ಪಂಪಿಗೆ ಮಹಾರಾಷ್ಟ್ರದಲ್ಲಿ ಬಿಲ್ ಮಾಫಿ. ಸುಟ್ಟ ಮೋಟರಿನ ಬಿಲ್ ಮಾತ್ರ ರೈತನದೇ.

ಇನ್ನು ಪೆಟ್ಟಿಗೆ. ಬೇವಿನ ಮರದ ನೆರಳಿಗೆ ಎರಡು ಕಲ್ಲುಕಂಬದ ನಡುವೆ ಬಿಗಿದ ತಗಡಿನ ಸ್ಟಾರ್ಟರ್ ಪೆಟ್ಟಿಗೆ. ಅದರ ಬಾಗಿಲಿನ ಒಳಮೈ ಮಾಮಾನ ದಫ್ತರು. ಮೊಳೆಯಿಂದ ಗೀಚಿದ ತಾರೀಖುಗಳು, ಕೆಲವು ಕನ್ನಡ ಅಂಕಿಯಲ್ಲಿ, ಕೆಲವು ಮರಾಠಿ ಅಂಕಿಯಲ್ಲಿ. ಎಷ್ಟು ಪೈಪ್ ಇಳಿಸಿದ್ದು, ಯಾವಾಗ ವೈಂಡಿಂಗ್ ಆದದ್ದು, ಕೇಬಲ್ ಜಾಯಿಂಟ್ ಎಷ್ಟನೆಯ ಪೈಪಿನ ಹತ್ತಿರ ಇದೆ. ಅದರಲ್ಲಿ ಒಂದು ತಾರೀಖು ನನಗೂ ನೆನಪಿತ್ತು. ಎರಡು ವರ್ಷದ ಹಿಂದೆ, ರಾತ್ರಿ ಹನ್ನೊಂದಕ್ಕೆ, ಟಾರ್ಚ್ ಹಿಡಿದು ನಿಂತವನು ನಾನೇ.

ಮೇನ್ ಇಳಿಸಿ, ಟೆಸ್ಟರ್ ಹಚ್ಚಿ ಕರೆಂಟ್ ಇಲ್ಲ ಎಂದು ಎರಡು ಸಲ ನೋಡಿ, ಮಾಮಾ ಕಾಂಟ್ಯಾಕ್ಟರಿನ ಮುಚ್ಚಳ ಬಿಚ್ಚಿದರು. ಈ ಸೀಮೆಯಲ್ಲಿ ಮೋಟರ್ ಸುಡುವ ಕಾರಣಗಳಲ್ಲಿ ಹಲ್ಲಿಗೆ ಒಳ್ಳೆಯ ಸ್ಥಾನವಿದೆ. ರಾತ್ರಿ ಬೆಚ್ಚಗಿರುತ್ತದೆ ಎಂದು ಪೆಟ್ಟಿಗೆ ಸೇರುತ್ತದೆ, ಪಾಯಿಂಟುಗಳ ನಡುವೆ ಮಲಗುತ್ತದೆ. ಕಾಯಿಲ್ ಎಳೆದುಕೊಂಡಾಗ ಎರಡು ಪಾಯಿಂಟ್ ಕೂಡುತ್ತವೆ, ಮೂರನೆಯದರಲ್ಲಿ ಹಲ್ಲಿ. ಒಂದು ಫೇಸ್ ಇಲ್ಲದ ಮೋಟರ್ ನಿಂತಲ್ಲೇ ಗುಂಯ್‌ಗುಡುತ್ತದೆ. ತಿರುಗುವಾಗಲೇ ಫೇಸ್ ಹೋದರೆ ಉಳಿದೆರಡು ತಂತಿ ಮೂರರ ಭಾರ ಹೊರಬೇಕು, ಒಂದೊಂದೂ ಸುಮಾರು ಒಂದೂ ಮುಕ್ಕಾಲು ಪಟ್ಟು ಎಳೆಯುತ್ತದೆ. ರಿಲೇಯನ್ನು ಯಾರಾದರೂ ಜಾಣರು ಹೆಚ್ಚಿಗೆ ತಿರುಗಿಸಿಟ್ಟಿದ್ದರೆ ವೈಂಡಿಂಗ್ ಮುಗಿಯಿತು.

ಹಲ್ಲಿ ಇರಲಿಲ್ಲ. ಪಾಯಿಂಟ್ ಕಪ್ಪಾಗಿದ್ದವು, ಪಾಲಿಶ್ ಪೇಪರಿನಿಂದ ಹಗುರಾಗಿ ಉಜ್ಜಿದರು. ಮತ್ತೆ ಚಾಲೂ ಮಾಡಿ ಟಾಂಗ್ ಟೆಸ್ಟರಿನ ಬಾಯಿಯಲ್ಲಿ ಒಂದೊಂದೇ ತಂತಿ ಹಿಡಿದರು. ಈ ಮೋಟರ್ ಸರಿಯಿದ್ದಾಗ ಎಂಟರ ಆಸುಪಾಸು ಎಳೆಯುತ್ತದೆ. ಕೆಂಪಿನಲ್ಲಿ ಅಂಕಿ ಜಿಗಿಯಿತು, ಹಳದಿಯಲ್ಲೂ. ನೀಲಿಯಲ್ಲಿ ಸೊನ್ನೆ. ಟಪ್, ರಿಲೇ.

ಅಳತೆ ಓದುವುದರಲ್ಲಿ ಮಾಮಾ ನಿಧಾನ, ಆದರೆ ಗಟ್ಟಿ. ಮೂರೂ ತಂತಿಯಲ್ಲಿ ಆಂಪಿಯರ್ ಕಡಿಮೆ, ನೀರೂ ಇಲ್ಲ ಎಂದರೆ ಬೋರಿನ ನೀರೇ ಕೆಳಗಿಳಿದಿದೆ, ಇಲ್ಲವೇ ಪಂಪಿಗೂ ಮೋಟರಿಗೂ ನಡುವಿನ ಕಪ್ಲಿಂಗ್ ತುಂಡಾಗಿದೆ. ಹೊರೆಯಿಲ್ಲದ ಎತ್ತು ಸುಮ್ಮನೆ ನಡೆದಂತೆ. ಮೂರರಲ್ಲೂ ಜಾಸ್ತಿ ಎಂದರೆ ಮರಳು ಹಿಡಿದಿದೆ, ಬೇರಿಂಗ್ ಬಿಗಿದಿದೆ, ಇಲ್ಲವೇ ವೋಲ್ಟೇಜ್ ಬಿದ್ದಿದೆ. ಒಂದರಲ್ಲಿ ಸೊನ್ನೆ ಎಂದರೆ ಎಲ್ಲೋ ತಂತಿ ಹರಿದಿದೆ.

ಎಲ್ಲಿ? ಪೆಟ್ಟಿಗೆಯಿಂದ ಕೇಬಲ್ ಬಿಚ್ಚಿ ಮೀಟರಿನ ಎರಡು ಕಡ್ಡಿ ಹಚ್ಚಿದರು. ಕೆಂಪು–ಹಳದಿ ಕುಂಯ್ ಅಂದಿತು. ಕೆಂಪು–ನೀಲಿ ಮೌನ. ಹಳದಿ–ನೀಲಿ ಮೌನ. ತಪ್ಪು ಪೆಟ್ಟಿಗೆಯದಲ್ಲ, ಬೋರಿನೊಳಗಿನದು. ಮಾಮಾ ಬಾಗಿಲಿನ ಒಳಮೈ ಕಡೆ ನೋಡಿದರು. ಜಾಯಿಂಟ್, ಒಂಬತ್ತನೆಯ ಪೈಪು.

"ಮೋಟರ್ ಬ್ಯಾಡ. ಒಂಬತ್ತ ಪೈಪ್ ಎತ್ತೂಣು."

ಚೈನ್ ಪುಲ್ಲಿ ಮತ್ತು ಮೂರು ಕಾಲಿನ ಸ್ಟ್ಯಾಂಡ್ ಪಕ್ಕದ ತೋಟದಲ್ಲಿದ್ದವು. ತರಲು ಹೋದರೆ ಅಲ್ಲಿ ಗೋಣಿತಟ್ಟಿನ ಮೇಲೆ ಒಂದು ಮೋಟರ್ ಬಿಚ್ಚಿಕೊಂಡು ಮಲಗಿತ್ತು. ಐಟಿಐ ಕಲಿತ ಹುಡುಗ ಅದರ ಶಾಫ್ಟನ್ನು ಎರಡು ಬೆರಳಿನಿಂದ ತಿರುಗಿಸಿ ನೋಡುತ್ತಿದ್ದ. ನೀರೊಳಗಿನ ಮೋಟರ್ ಎಂದರೆ ಒಳಗೆ ನೀರು ಹೊಗಬಾರದು ಎಂದು ಪೇಟೆಯವರ ಎಣಿಕೆ. ಈ ಜಾತಿಯ ಮೋಟರಿಗೆ ನಾವೇ ನೀರು ತುಂಬಿ ಇಳಿಸುತ್ತೇವೆ. ತಂತಿಯ ಮೇಲೆ ಪ್ಲಾಸ್ಟಿಕ್ಕಿನ ಹೊದಿಕೆ ಇರುತ್ತದೆ, ಒಳಗಿನ ಚೊಕ್ಕ ನೀರೇ ಬುಶ್ಶಿಗೆ ಎಣ್ಣೆ, ಅದೇ ತಂಪು. ಮೋಟರನ್ನು ನೆಟ್ಟಗೆ ನಿಲ್ಲಿಸಿ, ಸೋಸಿದ ನೀರು ಹೊಯ್ದು, ಅಲ್ಲಾಡಿಸಿ, ಗುಳ್ಳೆ ಬರುವುದು ನಿಲ್ಲುವತನಕ ಕಾದು ಬೂಚು ಬಿಗಿಯಬೇಕು. ಅವಸರದವನು ಗಾಳಿಯನ್ನೇ ತುಂಬಿ ಇಳಿಸುತ್ತಾನೆ. ಒಣಗಿದ್ದಾಗ ಬರೀ ಪರೀಕ್ಷೆಗೆಂದು ಓಡಿಸಿದರೂ ಕೆಳಗಿನ ಕಾರ್ಬನ್ ಬೇರಿಂಗ್ ತೇದುಹೋಗುತ್ತದೆ. ಅದಕ್ಕೇ ಹುಡುಗ ಪಕ್ಕದಲ್ಲಿ ನೀರು ತುಂಬಿದ ಬ್ಯಾರಲ್ ಇಟ್ಟುಕೊಂಡಿದ್ದ.

ಪಂಪಿನ ವಿದ್ಯೆ ಈ ಜಿಲ್ಲೆಗೆ ಹೊರಗಿನದಲ್ಲ. ನಮ್ಮ ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಸೈಕಲ್ ಅಂಗಡಿ ನಡೆಸಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1910ರಲ್ಲಿ ಆಗಿನ ಔಂಧ ಸಂಸ್ಥಾನದ ಕುಂಡಲ್ ರೋಡ್ ಸ್ಟೇಷನ್ನಿನ ಬಳಿ ಕಾರ್ಖಾನೆ ಹೂಡಿದರು. ಮೊದಲು ನೇಗಿಲು, ಆಮೇಲೆ ಪಂಪು. ಈಗಿನ ಕಿರ್ಲೋಸ್ಕರ್‌ವಾಡಿ ಅದು, ಇದೇ ಸಾಂಗಲಿ ಜಿಲ್ಲೆ. ನೀರಿಲ್ಲದ ಜತ್ತ, ಪಂಪು ಮಾಡುವ ಕಿರ್ಲೋಸ್ಕರ್‌ವಾಡಿ, ಪ್ರವಾಹದ ಸಾಂಗಲಿ ಮೂರಕ್ಕೂ ಒಬ್ಬನೇ ಕಲೆಕ್ಟರ್.

ಇಪ್ಪತ್ತೊಂದು ಪೈಪು, ಅದರೊಳಗಿನ ನೀರು, ತುದಿಗೆ ಪಂಪು ಮತ್ತು ಮೋಟರ್. ಅರ್ಧ ಟನ್ನಿಗೆ ಕಡಿಮೆಯಿಲ್ಲ. ಕ್ಲ್ಯಾಂಪ್ ಒಂದು ಜಾರಿದರೆ ಅಷ್ಟೂ ಬೋರಿನ ಪಾಲು, ಬೋರೂ ಹೋದಂತೆ. ಆದ್ದರಿಂದ ಎರಡು ಕ್ಲ್ಯಾಂಪ್: ಒಂದು ಚೈನಿಗೆ, ಒಂದು ಯಾವಾಗಲೂ ಬೋರಿನ ಬಾಯಿಯ ಮೇಲೆ. ಸ್ಟ್ಯಾಂಡಿನ ನೆತ್ತಿ ಹನ್ನೆರಡು ಅಡಿ, ಪೈಪು ಇಪ್ಪತ್ತು. ಹೀಗಾಗಿ ಒಂದು ಪೈಪಿಗೆ ಎರಡು ಹಿಡಿತ. ಅಳಿಯ ಚೈನ್ ಜಗ್ಗಿದ, ಮಾಮಾ ಮತ್ತು ಐಟಿಐ ಹುಡುಗ ಪೈಪ್ ಪಾನಾ ಹಾಕಿ ಸಾಕೆಟ್ ಬಿಚ್ಚಿದರು. ನನ್ನ ಕೆಲಸ ಕೇಬಲ್ ಸುತ್ತುವುದು ಮತ್ತು ಅದನ್ನು ಪೈಪಿಗೆ ಕಟ್ಟಿದ ಹಳೆಯ ಸೈಕಲ್ ಟ್ಯೂಬಿನ ಪಟ್ಟಿಗಳನ್ನು ಕೊಯ್ಯುವುದು. ಏಳನೆಯ ಪೈಪಿನಿಂದ ಕೆಳಗೆ ಪಟ್ಟಿಗಳು ಕೊಳೆತು ಉದುರಿದ್ದವು, ಕೇಬಲ್ ಜೋತಾಡುತ್ತಿತ್ತು.

ಒಂಬತ್ತನೆಯದು ಬಂತು, ಜಾಯಿಂಟ್ ಬಂತು. ಕೇಬಲ್ಲಿನ ಆ ಗಂಟು ಬೆರಳುದ್ದ ಕರಕಲಾಗಿತ್ತು. ಮಾಮಾ ಬ್ಲೇಡಿನಿಂದ ಸೀಳಿದರು. ಮೂರು ಎಳೆಗಳ ಮೂರು ಗಂಟೂ ಒಂದರ ಪಕ್ಕ ಒಂದು, ಒಂದೇ ಜಾಗದಲ್ಲಿ. ನೀಲಿ ಎಳೆ ಹಸಿರು ಪುಡಿಯಾಗಿ ಬೆರಳಿಗೆ ಹತ್ತಿತು. ಹೊರಗೆ ಬರೀ ಪಿವಿಸಿ ಟೇಪು, ರಬ್ಬರ್ ಟೇಪಿನ ಸುಳಿವಿಲ್ಲ.

"ಯಾರ್ ಮಾಡಿದ್ರಿ ಮಾಮಾ ಇದನ್ನ?" ಐಟಿಐ ಹುಡುಗ ನಕ್ಕ.

"ನಾನs. ಇಂವ ಟಾರ್ಚ್ ಹಿಡದಿದ್ದ."

ಆ ರಾತ್ರಿ ಕರೆಂಟ್ ಹೋಗುವುದಕ್ಕೆ ಎರಡು ತಾಸು ಉಳಿದಿತ್ತು, ದ್ರಾಕ್ಷಿಗೆ ನೀರು ಬೇಕಿತ್ತು, ರಬ್ಬರ್ ಟೇಪು ಮುಗಿದಿತ್ತು. ನಾಳೆ ಸರಿಯಾಗಿ ಮಾಡೂಣು ಎಂದು ಇಳಿಸಿದ್ದೆವು. ಆ ನಾಳೆ ಎರಡು ವರ್ಷ ತಡವಾಗಿ ಬಂತು. ಸ್ವಂತ ರಿಪೇರಿಯ ಬಗ್ಗೆ ಹೆಮ್ಮೆಯಿಂದ ಬರೆಯುವವರು ಈ ನಾಳೆಯ ಲೆಕ್ಕ ಕೊಡುವುದಿಲ್ಲ.

ಕೆಳಗಿನ ಕಡೆಯ ಮೂರೂ ಎಳೆ ಮೀಟರಿಗೆ ಕುಂಯ್ ಅಂದವು, ಓಮ್ ಲೆಕ್ಕವೂ ಸಮ. ಹುಡುಗ ಮೆಗ್ಗರ್ ತಂದಿದ್ದ. 500 ವೋಲ್ಟ್ ಹಾಕಿ ನೋಡುವ ಈ ಪೆಟ್ಟಿಗೆ ಸಾದಾ ಮೀಟರಿಗೆ ಕಾಣದ ಸೋರಿಕೆಯನ್ನು ಹೇಳುತ್ತದೆ. ಒಂದು ಮೆಗಾಓಮ್‌ಗಿಂತ ಕೆಳಗಿದ್ದರೆ ಇಳಿಸಬಾರದು. ಐದರ ಮೇಲೆ ತೋರಿಸಿತು. ಮೋಟರ್ ಗಟ್ಟಿ ಇದೆ.

ಈ ಸಲ ಜಾಯಿಂಟಿಗೆ ಮುಕ್ಕಾಲು ತಾಸು ಹಿಡಿಯಿತು. ಒಂದು ಬದಿಗೆ ಕೆಂಪು ಎಳೆಯನ್ನು ಗಿಡ್ಡ, ಹಳದಿ ನಡು, ನೀಲಿ ಉದ್ದ ಕತ್ತರಿಸಿದರು. ಇನ್ನೊಂದು ಬದಿಗೆ ತಿರುವುಮುರುವು. ಹೀಗಾದರೆ ಮೂರು ಗಂಟು ನಾಲ್ಕು ನಾಲ್ಕು ಬೆರಳು ದೂರ ಬೀಳುತ್ತವೆ, ಒಂದು ಕೆಟ್ಟರೂ ಇನ್ನೊಂದಕ್ಕೆ ತಾಗುವುದಿಲ್ಲ. ತಾಮ್ರ ಹೊಳೆಯುವತನಕ ಕೆರೆದು, ಎಳೆಗಳನ್ನು ಹೆಣೆದು, ಪಕ್ಕಡಿನಿಂದ ಒತ್ತಿದರು. ಮೇಲೆ ರಬ್ಬರ್ ಟೇಪು. ಅದನ್ನು ಬರೀ ಸುತ್ತಿದರೆ ಸಾಲದು, ಎರಡು ಪಟ್ಟು ಉದ್ದವಾಗುವಂತೆ ಜಗ್ಗಿ, ಅರ್ಧ ಅರ್ಧ ಮೇಲೆ ಬರುವಂತೆ ಸುತ್ತಬೇಕು. ಆಗ ಪದರಗಳು ಒಂದಕ್ಕೊಂದು ಹತ್ತಿ ಒಂದೇ ತುಂಡಾಗುತ್ತವೆ. ಕೊನೆಗೆ ಮೂರನ್ನೂ ಕೂಡಿಸಿ ಪಿವಿಸಿ ಟೇಪು. ಜಾಯಿಂಟನ್ನು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿಟ್ಟು ಚಹಾ ಕುಡಿದೆವು. ಆಮೇಲೆ ಬಕೆಟ್ಟಿನ ನೀರಿಗೂ ಎಳೆಗಳಿಗೂ ಮೆಗ್ಗರ್ ಹಚ್ಚಿ ನೋಡಿಯೇ ಇಳಿಸಲು ಶುರು.

ಇಳಿಸುವಾಗ ಪೈಪಿಗೆ ಎರಡೆರಡು ಕಡೆ ಹೊಸ ಟ್ಯೂಬಿನ ಪಟ್ಟಿ. ಪೆಟ್ಟಿಗೆಗೆ ಕೇಬಲ್ ಕೂಡಿಸುವಾಗ ಬಣ್ಣಕ್ಕೆ ಬಣ್ಣ ಎಂದು ನಾನು ಎರಡು ಸಲ ಹೇಳಿದೆ. ಹಿಂದೊಮ್ಮೆ ನಮ್ಮ ಹೊಲದಲ್ಲಿ ಎರಡು ತಂತಿ ಅದಲುಬದಲು ಮಾಡಿದ್ದೆ. ಪಂಪು ಉಲ್ಟಾ ತಿರುಗಿ ಎರಡು ದಿನ ಸಣ್ಣ ಧಾರೆ ಬಂದಿತ್ತು, ಬೋರು ಬತ್ತಿತು ಎಂದು ಮನೆಯಲ್ಲಿ ಯಾರೂ ಊಟ ಮಾಡಿರಲಿಲ್ಲ. ಈಗ ಕೇಬಲ್ ಕೂಡಿಸಿಯಾದ ಮೇಲೆ ಮಾಮಾ ಅರ್ಥಿಂಗ್ ಗುಂಡಿಗೆ ಎರಡು ಕೊಡ ನೀರು ಹೊಯ್ದರು. ಇದ್ದಿಲು, ಉಪ್ಪು ಹಾಕಿದ್ದರೂ ಬೇಸಿಗೆಯಲ್ಲಿ ಈ ನೆಲ ಸುಟ್ಟ ಇಟ್ಟಂಗಿಯಂತೆ ಒಣಗುತ್ತದೆ, ಒಣಗಿದ ಗುಂಡಿ ಕರೆಂಟನ್ನು ಒಯ್ಯುವುದಿಲ್ಲ.

ಹಸಿರು ಗುಂಡಿ ಒತ್ತಿದಾಗ ಮೂರಕ್ಕೆ ಇಪ್ಪತ್ತು ನಿಮಿಷವಿತ್ತು. ಕೆಂಪು ಎಂಟು, ಹಳದಿ ಎಂಟು, ನೀಲಿ ಏಳೂ ಮುಕ್ಕಾಲು. ಪೈಪು ಮೊದಲು ಕೆಮ್ಮಿತು, ಆಮೇಲೆ ಕೆಂಚು ನೀರು, ಆಮೇಲೆ ತಿಳಿ. ಅಳಿಯ ಹೊಂಡದ ಕಡೆ ಓಡಿದ. ಮಾಮಾ ಮೊಳೆ ಹುಡುಕಿ ಬಾಗಿಲಿನ ಒಳಮೈ ಮೇಲೆ ತಾರೀಖು ಗೀಚಿದರು. ಜಾಯಿಂಟ್, ಒಂಬತ್ತನೆಯ ಪೈಪು. ಪಕ್ಕದಲ್ಲಿ, ಹಿಂದೆ ಯಾವ ಸಾಲಿನಲ್ಲೂ ಇಲ್ಲದ ಒಂದು ಶಬ್ದ ಬರೆದರು: ರಬ್ಬರ್.